ಅರ್ಧ ಹೊಲಕ್ಕೆ ಹೊಸ ಬೀಜ

‘ನನ್ನ ಮ್ಯಾಲೆ ಪ್ರಯೋಗ ಮಾಡ್ತಾರೇನು ತಮ್ಮಾ?’

ನಮ್ಮ ಬಾಗಲಕೋಟೆ ಜಿಲ್ಲೆಯ ಗುಡೂರಿನ ನೇಕಾರರ ಓಣಿಯಲ್ಲಿ ಮಗ್ಗ ನಿಲ್ಲಿಸಿ ಎದ್ದು ಬಂದ ಕಾಕಾ ಒಬ್ಬರು ಕೇಳಿದ ಪ್ರಶ್ನೆ ಇದು. ಅವರ ಕೈಯಲ್ಲಿ ಹತ್ತು ಹನ್ನೆರಡು ಪುಟದ ಕನ್ನಡ ಫಾರಂ ಇತ್ತು. ಸಕ್ಕರೆ ಕಾಯಿಲೆಗೆ ತೋರಿಸಲು ಹೋಗಿದ್ದ ದೊಡ್ಡ ಊರಿನ ದವಾಖಾನೆಯಲ್ಲಿ ‘ಹೊಸಾ ಗುಳಿಗಿ ಬಂದೈತಿ, ಟ್ರಯಲ್ ನಡದೈತಿ, ಮನ್ಯಾಗ ಓದಿಸ್ಕೊಂಡು ಬರ್ರಿ’ ಎಂದು ಕೊಟ್ಟು ಕಳಿಸಿದ್ದರಂತೆ. ಮಗ ಸಹಿ ಮಾಡು ಅನ್ನುತ್ತಾನೆ, ಸೊಸೆ ಬೇಡವೇ ಬೇಡ ಅನ್ನುತ್ತಾಳೆ. ಓದಿಸಿಕೊಂಡು ಬನ್ನಿ ಎಂದು ಮನೆಗೆ ಕಳಿಸಿದ್ದಾರಲ್ಲ ಎಂದು ನನಗೆ ಅರ್ಧ ಸಮಾಧಾನವಾಯಿತು. ಅಲ್ಲೇ ಕೂಡಿಸಿ ಹೆಬ್ಬಟ್ಟು ಒತ್ತಿಸಿಕೊಂಡಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

‘ಹೌದು ಕಾಕಾ, ಪ್ರಯೋಗಾನ ಮಾಡ್ತಾರ’ ಎಂದೆ. ಟ್ರಯಲ್ ಬಗ್ಗೆ ಮಾತಾಡುವವರು ಬಹುತೇಕ ಈ ಶಬ್ದಕ್ಕೆ ಹೆದರಿ ‘ಹೊಸ ಚಿಕಿತ್ಸೆ’, ‘ಸುಧಾರಿತ ಯೋಜನೆ’ ಎಂದು ತೇಲಿಸುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ದವಾಖಾನೆಯಲ್ಲಿ ಡಾಕ್ಟರು ನೋಡುವುದು ಕಾಕಾನ ಸಕ್ಕರೆಯನ್ನು. ಟ್ರಯಲ್ ನೋಡುವುದು ಗುಳಿಗೆಯನ್ನು. ಕಾಕಾ ಅಲ್ಲಿ ನೂರಾರು ಜನರಲ್ಲಿ ಒಬ್ಬರು. ಅವರಿಗೆ ಒಳ್ಳೆಯದಾಗಬಹುದು, ಆಗದೆಯೂ ಇರಬಹುದು. ಅದು ಮೊದಲೇ ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುವುದಿಲ್ಲ.

ಗುಳಿಗೆಯನ್ನು ನೋಡುವ ಈ ಪದ್ಧತಿ ಹುಟ್ಟಿದ್ದು ಹೊಲದಲ್ಲಿ ಎಂದರೆ ನಮ್ಮ ಕಡೆಯವರಿಗೆ ಅಚ್ಚರಿಯಾದೀತು. ಹೊಸ ಜೋಳದ ಬೀಜ ಬಂದಾಗ ಬುದ್ಧಿವಂತ ರೈತ ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಅರ್ಧಕ್ಕೆ ಹೊಸದು, ಅರ್ಧಕ್ಕೆ ಹಳೆಯದು ಬಿತ್ತಿ ಸುಗ್ಗಿಯಲ್ಲಿ ರಾಶಿ ಅಳೆಯುತ್ತಾನೆ. ಆದರೆ ಹೊಸ ಬೀಜದ ಮೇಲಿನ ಆಸೆಗೆ ಅದನ್ನು ಹಳ್ಳದ ದಂಡೆಯ ಎರೆಗೆ ಬಿತ್ತಿ, ಹಳೆಯದನ್ನು ಮಸಾರಿಗೆ ಬಿತ್ತಿದರೆ? ಗೆದ್ದದ್ದು ಬೀಜವೋ ಮಣ್ಣೋ ಹೇಳುವವರಾರು? 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಆರ್. ಎ. ಫಿಶರ್ ಇದಕ್ಕೊಂದು ದಾರಿ ಕಂಡುಕೊಂಡರು. ಹೊಲವನ್ನು ಸಣ್ಣ ಸಣ್ಣ ಮಡಿ ಮಾಡಿ, ಯಾವ ಮಡಿಗೆ ಯಾವ ಬೀಜ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡುವುದು. ರೈತನ ಆಸೆ, ವಿಜ್ಞಾನಿಯ ಹಟ ಎರಡೂ ಬದಿಗೆ ಸರಿದವು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಫಲಿತಾಂಶವನ್ನು ಪ್ರಕಟಿಸಿದಾಗ ಅದೇ ಚೀಟಿಯ ಪದ್ಧತಿ ಮನುಷ್ಯರಿಗೆ ಬಂತು.

ಹಾಗಾಗಿ ಟ್ರಯಲ್‌ಗೆ ಸೇರಿದವರಿಗೆ ಯಾವ ಔಷಧ ಎಂದು ಡಾಕ್ಟರು ಆರಿಸುವಂತಿಲ್ಲ, ಚೀಟಿ ಆರಿಸುತ್ತದೆ. ಕೆಲವು ಟ್ರಯಲ್‌ಗಳಲ್ಲಿ ಅರ್ಧ ಜನಕ್ಕೆ ನೋಡಲು ಅದೇ ಥರದ, ಒಳಗೆ ಮದ್ದಿಲ್ಲದ ಗುಳಿಗೆ ಹೋಗುತ್ತದೆ, ಅದೇ ಪ್ಲಸೀಬೊ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಹೊಸ ಗುಳಿಗೆಯವರ ಮೇಲೆ ನಿಗಾ ಹೆಚ್ಚಾಗುತ್ತದೆ, ಮತ್ತೆ ಎರೆ ಮಣ್ಣಿನ ಕಥೆಯೇ.

ಇದೆಲ್ಲ ಎಲ್ಲೋ ದೂರದಲ್ಲಿ ನಡೆಯುವುದಲ್ಲ. ನಮಗಿಂತ ಎರಡು ಜಿಲ್ಲೆ ಆಚೆಗೂ ಹೋಗಬೇಕಿಲ್ಲ, ಬೆಳಗಾವಿ ಸಾಕು. 2002ರಿಂದ 2005ರವರೆಗೆ ಆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ ಒಂದು ಟ್ರಯಲ್ ನಡೆಯಿತು. ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜತೆ ನಡೆಸಿದ್ದು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಣಂತಿ ಸಾಯುವುದು ನಮ್ಮ ಹಳ್ಳಿಗಳಿಗೆ ಹೊಸ ಸುದ್ದಿಯಲ್ಲ. ಅದನ್ನು ತಡೆಯುವ ಆಕ್ಸಿಟೋಸಿನ್ ಸೂಜಿಮದ್ದು ಇತ್ತು, ಆದರೆ ಅದನ್ನು ತಣ್ಣಗಿಡಬೇಕು, ಚುಚ್ಚುವ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದು ಕೆಲಸ ಮಾಡುತ್ತದೆಯೇ? ಹೆರಿಗೆ ಮಾಡಿಸುತ್ತಿದ್ದ ಎ.ಎನ್.ಎಂ. ಸಿಸ್ಟರುಗಳೇ 1620 ತಾಯಂದಿರಲ್ಲಿ 812 ಮಂದಿಗೆ ಮದ್ದನ್ನೂ 808 ಮಂದಿಗೆ ಪ್ಲಸೀಬೊವನ್ನೂ ಕೊಟ್ಟರು. ಯಾವುದು ಯಾವುದೆಂದು ಅವರಿಗೂ ತಿಳಿಯದು. ಪ್ಲಸೀಬೊ ನುಂಗಿದವರಲ್ಲಿ 97 ಮಂದಿಗೆ ಅತಿಯಾಗಿ ರಕ್ತ ಹೋಯಿತು, ಗುಳಿಗೆ ನುಂಗಿದವರಲ್ಲಿ 53 ಮಂದಿಗೆ. ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಚಳಿ ನಡುಕ, ಜ್ವರ ಬಂದು ಹೋಗುವುದು ಅಡ್ಡ ಪರಿಣಾಮ. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಯುವುದಕ್ಕಾಗಿ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ. ಮದ್ದಿಲ್ಲದ ಗುಳಿಗೆ ನುಂಗಿದ 808 ಮಂದಿಯಲ್ಲಿ 711 ಮಂದಿಗೆ ಹೇಗೂ ಏನೂ ಆಗಲಿಲ್ಲ. ಒಬ್ಬರಿಗೆ ಅತಿ ರಕ್ತಸ್ರಾವ ತಪ್ಪಬೇಕಾದರೆ 18 ಮಂದಿ ಗುಳಿಗೆ ನುಂಗಬೇಕು. ಊರಿಗೆ ಇದು ದೊಡ್ಡ ಲಾಭ, ಆದರೆ ಒಬ್ಬೊಬ್ಬ ತಾಯಿಯ ಪಾಲಿಗೆ ಬಂದದ್ದು ಚಿಕ್ಕದು. ಟ್ರಯಲ್ ಸೇರಿದರೆ ‘ನನಗೇನು?’ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಬಹಳ ಸಲ ಇಷ್ಟೇ ಆಗಿರುತ್ತದೆ. ಇನ್ನು ಆ 97 ಮಂದಿ? ಅವರಿಗೆ ಪ್ಲಸೀಬೊ ಕೊಟ್ಟದ್ದು ಸರಿಯೇ? ಆಗ ಆ ಹಳ್ಳಿಗಳ ಹೆರಿಗೆಯಲ್ಲಿ ರಕ್ತ ತಡೆಯುವ ಯಾವ ಮದ್ದೂ ಕೊಡುವ ರೂಢಿ ಇರಲಿಲ್ಲ, ಆದ್ದರಿಂದ ಅವರಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ ಎನ್ನುವುದು ಒಂದು ವಾದ. ರೂಢಿಯಲ್ಲೇ ಇರದಿದ್ದದ್ದು ಯಾರ ತಪ್ಪು ಎಂಬ ಪ್ರಶ್ನೆಗೆ ಆ ವಾದ ಉತ್ತರ ಕೊಡುವುದಿಲ್ಲ. ಇವತ್ತು ಅದೇ ಟ್ರಯಲ್ ಮಾಡಲು ಹೋದರೆ ಪ್ಲಸೀಬೊ ಕೊಡಲಾಗದು, ಕೊಡಬಾರದು ಕೂಡ. ನನಗೆ ಈ ವಿಷಯದಲ್ಲಿ ಪೂರ್ತಿ ನೆಮ್ಮದಿ ಸಿಕ್ಕಿಲ್ಲ.

ಬೆಳಗಾವಿಯ ಆ ಟ್ರಯಲ್‌ನಿಂದಲೇ ಇನ್ನೊಂದು ಕೆಲಸವೂ ಹುಟ್ಟಿತು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತೇವೆ. ಅದಕ್ಕೆಂದು ಬಾಣಂತಿಯ ಅಡಿಗೆ ಹಾಸುವ, ಕೆಳಗೆ ಚೀಲವಿದ್ದು ಅದರ ಮೇಲೆ ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯೊಂದನ್ನು ಈ ತಂಡ ರೂಪಿಸಿತು. ಅಂಥದೇ ಅಳತೆ ಚೀಲವನ್ನು ಕೂಡಿಸಿಕೊಂಡು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಇ-ಮೋಟಿವ್ ಎಂಬ ದೊಡ್ಡ ಟ್ರಯಲ್‌ನ ಫಲಿತಾಂಶ 2023ರಲ್ಲಿ ಬಂದಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇಕಡಾ 60ರಷ್ಟು ಕಡಿಮೆಯಾಗಿತ್ತು.

ಟ್ರಯಲ್ ಯಾಕೆ ಬೇಕು ಎನ್ನುವವರಿಗೆ ನಾನು ಹೇಳುವುದು ಬೇರೆಯೇ ಕಥೆ, ಅದೂ ಬೆಳಗಾವಿಯ ಮೂಲಕವೇ ಹಾದುಹೋದದ್ದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣ ಕಂಡರೆ ತಾಯಿಗೆ ಸ್ಟೀರಾಯ್ಡ್ ಸೂಜಿ ಕೊಡುತ್ತಾರೆ, ಮಗುವಿನ ಪುಪ್ಪುಸ ಬೇಗ ಬಲಿಯಲಿ ಎಂದು. ಇದು 1972ರಲ್ಲಿ ನ್ಯೂಜಿಲೆಂಡಿನಲ್ಲಿ ಗೊತ್ತಾದದ್ದು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಎಷ್ಟೋ ಕೂಸುಗಳು ಅದರಿಂದ ಉಳಿದಿವೆ. ಹಾಗಾದರೆ ಬಡ ದೇಶಗಳ ಹಳ್ಳಿಗಳಲ್ಲಿಯೂ ಕೊಟ್ಟರಾಯಿತಲ್ಲ? ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಒಳಗೊಂಡು ಇದನ್ನು ಪರೀಕ್ಷಿಸಿದರು. ಭಾರತದಲ್ಲಿ ಬೆಳಗಾವಿ, ನಾಗಪುರ. 2015ರಲ್ಲಿ ಬಂದ ಉತ್ತರ ಎಲ್ಲರನ್ನೂ ತಬ್ಬಿಬ್ಬು ಮಾಡಿತು. ಸಣ್ಣ ಕೂಸುಗಳಿಗೆ ಪ್ರಯೋಜನವಾಗಲಿಲ್ಲ. ಒಟ್ಟಾರೆ ನೋಡಿದರೆ ಸಾವಿರಕ್ಕೆ 3.5ರಷ್ಟು ನವಜಾತ ಶಿಶುಗಳ ಸಾವು ಹೆಚ್ಚಾಗಿತ್ತು, ತಾಯಂದಿರಲ್ಲಿ ಸೋಂಕೂ ಹೆಚ್ಚಾಗಿತ್ತು. ಒಳ್ಳೆಯ ಮದ್ದು, ಒಳ್ಳೆಯ ಮನಸ್ಸು, ಕೆಟ್ಟ ಫಲ.

ಮದ್ದೇ ಕೆಟ್ಟದ್ದೋ, ಕೊಟ್ಟ ಜಾಗ ತಪ್ಪೋ? ಹಳ್ಳಿಯಲ್ಲಿ ಗರ್ಭದ ವಾರಗಳನ್ನು ಮುಟ್ಟಿನ ದಿನದ ನೆನಪಿನ ಮೇಲೆ, ಹೊಟ್ಟೆಯ ಅಳತೆಯ ಮೇಲೆ ಲೆಕ್ಕ ಹಾಕಿದ್ದರಿಂದ ಬೇಡದವರಿಗೂ ಸೂಜಿ ಹೋಗಿತ್ತು. ಹುಟ್ಟಿದ ಮೇಲೆ ಸಣ್ಣ ಕೂಸನ್ನು ಕಾಪಾಡುವ ಸೌಕರ್ಯವೂ ಇರಲಿಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಟ್ರಯಲ್ ಮಾಡಿಸಿತು. ಈ ಸಲ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನಿಂಗ್ ಮಾಡಿ ವಾರ ಖಾತ್ರಿ ಮಾಡಿಕೊಂಡು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾ ಸೇರಿ 2852 ತಾಯಂದಿರು; ಬೆಳಗಾವಿ ಮತ್ತೆ ಅದರಲ್ಲಿತ್ತು. ಪ್ಲಸೀಬೊ ಗುಂಪಿನಲ್ಲಿ ಶೇಕಡಾ 23.5ರಷ್ಟು ಕೂಸುಗಳು ತೀರಿಕೊಂಡರೆ ಸ್ಟೀರಾಯ್ಡ್ ಗುಂಪಿನಲ್ಲಿ 19.6. ಲಾಭ ಸ್ಪಷ್ಟವಾಗುತ್ತಿದ್ದಂತೆ, ಒಳಗಿನ ಅಂಕಿಗಳನ್ನು ನಡುನಡುವೆ ತೆರೆದು ನೋಡುವ ಹೊರಗಿನ ತಜ್ಞರ ಸಮಿತಿ ‘ಸಾಕು, ನಿಲ್ಲಿಸಿ’ ಎಂದಿತು. ಟ್ರಯಲ್ ಅವಧಿಗೆ ಮೊದಲೇ ಮುಗಿಯಿತು. ಅದೇ ಸೂಜಿ, ಎರಡು ಉತ್ತರ. ಮೊದಲ ಟ್ರಯಲ್ ಮಾಡದೆ ಸರಕಾರದ ಆದೇಶದ ಮೂಲಕ ಹಳ್ಳಿ ಹಳ್ಳಿಗೂ ಆ ಸೂಜಿ ಕಳಿಸಿದ್ದರೆ, ಸತ್ತ ಕೂಸುಗಳ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. ಟ್ರಯಲ್ ಇಲ್ಲದ ಕಡೆ ಪ್ರಯೋಗ ನಡೆಯುವುದಿಲ್ಲ ಎಂದಲ್ಲ, ನಡೆದದ್ದನ್ನು ಯಾರೂ ಬರೆದಿಡುವುದಿಲ್ಲ ಅಷ್ಟೇ.

ಇನ್ನೂ ಹತ್ತಿರ ಬರೋಣ. ಬಸುರಿಯರಿಗೆ ಅಂಗನವಾಡಿ, ಆಶಾ ಅಕ್ಕನ ಮೂಲಕ ಸಿಗುವ ಕಬ್ಬಿಣಾಂಶದ ಗುಳಿಗೆ ಎಲ್ಲ ಮನೆಯಲ್ಲೂ ಇರುತ್ತದೆ; ನುಂಗುವವರು ಕಡಿಮೆ. ಬಾಯಿ ಕಹಿ, ಹೊಟ್ಟೆ ಕಟ್ಟುತ್ತದೆ, ಕೂಸು ಕಪ್ಪಾಗುತ್ತದೆ ಎನ್ನುವ ಅತ್ತೆಯರ ಮಾತು ಬೇರೆ. ಹಾಗಾದರೆ ನರಕ್ಕೆ ಒಂದೇ ಸಲ ಕಬ್ಬಿಣಾಂಶ ಏರಿಸಿಬಿಟ್ಟರೆ? 2021ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ಶುರುವಾದ ರ‍್ಯಾಪಿಡ್‌ಐರನ್ ಟ್ರಯಲ್ ಕೇಳಿದ್ದು ಇದನ್ನೇ. ಬೆಳಗಾವಿ, ರಾಯಚೂರುಗಳ ಜತೆ ನಮ್ಮ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನವರೂ ಅದರಲ್ಲಿದ್ದರು. ರಕ್ತಹೀನತೆ ಇದ್ದ 4320 ಬಸುರಿಯರನ್ನು ಚೀಟಿಯ ಮೇಲೆ ಮೂರು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ಗುಳಿಗೆ, ಉಳಿದೆರಡಕ್ಕೆ ಎರಡು ಬೇರೆ ಬೇರೆ ಬಗೆಯ ನರದ ಮದ್ದು. ಇಲ್ಲಿ ಪ್ಲಸೀಬೊ ಗುಂಪು ಇಲ್ಲ, ಗಮನಿಸಿ. ರಕ್ತ ಕಡಿಮೆ ಇರುವ ಬಸುರಿಗೆ ಏನೂ ಕೊಡದೆ ನೋಡುತ್ತ ಕೂಡುವುದನ್ನು ಯಾವ ಸಮಿತಿಯೂ ಒಪ್ಪದು. ‘ಚೀಟಿ ನನ್ನ ಪಾಲಿಗೆ ಬರದಿದ್ದರೆ ನನಗೆ ಸಿಗುವುದೇನು?’ ಎಂದು ಅಲ್ಲಿ ಕೇಳಿದ ಹೆಣ್ಣುಮಗಳಿಗೆ ಉತ್ತರ ಸರಳ: ಟ್ರಯಲ್ ಇಲ್ಲದಿದ್ದರೂ ಸಿಗುತ್ತಿದ್ದ ಅದೇ ಗುಳಿಗೆ.

ಇಷ್ಟೆಲ್ಲ ಹೊಗಳಿದ ಮೇಲೆ ಕಾಕಾನ ಸೊಸೆ ‘ಬೇಡ’ ಅಂದದ್ದು ತಿಳಿಗೇಡಿತನ ಎಂದುಕೊಂಡರೆ ತಪ್ಪು. ಅವಳ ಅನುಮಾನಕ್ಕೂ ಇತಿಹಾಸವಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅದನ್ನು ಟ್ರಯಲ್ ಎಂದು ಕರೆಯಲಿಲ್ಲ, ‘ಪ್ರಾತ್ಯಕ್ಷಿಕೆ ಯೋಜನೆ’ ಎಂದರು; ಹೆಸರು ಬದಲಾದ ಕೂಡಲೇ ಟ್ರಯಲ್‌ನ ಕಟ್ಟುಪಾಡುಗಳೂ ಸಡಿಲವಾದವು. ಬುಡಕಟ್ಟು ಮಕ್ಕಳ ಹಾಸ್ಟೆಲುಗಳಲ್ಲಿ ತಂದೆ ತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದು ಆಮೇಲೆ ಹೊರಬಿತ್ತು. ಏಳು ಹುಡುಗಿಯರು ತೀರಿಕೊಂಡರು. ಆ ಸಾವುಗಳು ಲಸಿಕೆಯಿಂದಲ್ಲ ಎಂದು ತನಿಖೆ ಹೇಳಿತು, ಲಸಿಕೆ ಒಳ್ಳೆಯದೇ ಎಂದು ಜಗತ್ತು ಒಪ್ಪಿದೆ. ಆದರೆ ಕೇಳದೆ ಚುಚ್ಚಿದ್ದು ಒಳ್ಳೆಯದಾಗುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾದ ವರದಿ ಕೊಟ್ಟಿತು.

ಅದೇ ಹೊತ್ತಿಗೆ ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆ ಟ್ರಯಲ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು. 2005ರಿಂದ 2012ರವರೆಗೆ 475 ಹೊಸ ಔಷಧಗಳ ಟ್ರಯಲ್‌ಗಳಲ್ಲಿ 2644 ಮಂದಿ ಸತ್ತಿದ್ದಾರೆ ಎಂದು ಸರಕಾರವೇ ಕೋರ್ಟಿಗೆ ಹೇಳಬೇಕಾಯಿತು. ಈ ಅಂಕಿಯನ್ನು ಭಾಷಣಗಳಲ್ಲಿ ಎಸೆಯುವವರು ಮುಂದಿನ ಅಂಕಿಯನ್ನು ಹೇಳುವುದಿಲ್ಲ: ಔಷಧದಿಂದಲೇ ಆದದ್ದು ಎಂದು ಗುರುತಿಸಿದ ಸಾವು 80. ಕ್ಯಾನ್ಸರ್, ಹೃದಯ ಕಾಯಿಲೆಯವರ ಟ್ರಯಲ್‌ನಲ್ಲಿ ಕಾಯಿಲೆಯಿಂದಲೇ ಸಾಯುವವರು ಇರುತ್ತಾರೆ. ಹಾಗೆಂದು 80 ಸಣ್ಣ ಸಂಖ್ಯೆಯಲ್ಲ, ಮೇಲಾಗಿ ಯಾವ ಸಾವು ಯಾವುದರಿಂದ ಎಂದು ತೀರ್ಮಾನಿಸಿದವರಲ್ಲಿ ಟ್ರಯಲ್ ನಡೆಸಿದವರೂ ಇದ್ದರು. ಕಾರಿಡಾರಿನಲ್ಲಿ ಅವಸರದಲ್ಲಿ ಸಹಿ ಮಾಡಿಸುವುದನ್ನು ತಡೆಯಲು ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಬೇಕು ಎಂಬ ಆದೇಶ ಬಂದದ್ದು ಈ ಮೊಕದ್ದಮೆಯ ಬೆನ್ನಿಗೆ, 2013ರಲ್ಲಿ. 2015ರಲ್ಲಿ ಅದನ್ನು ಸಡಿಲಿಸಿ, ಹೊಸ ರಾಸಾಯನಿಕ ವಸ್ತುವಿನ ಟ್ರಯಲ್‌ಗೆ ಸೇರುವ ದುರ್ಬಲ ವರ್ಗದವರಿಗೆ ಮಾತ್ರ ಕಡ್ಡಾಯವೆಂದರು. ನನ್ನ ಕೇಳಿದರೆ ಸಡಿಲಿಸಬಾರದಿತ್ತು.

ಕೊರೊನಾ ಕಾಲದಲ್ಲಿ ಟ್ರಯಲ್ ಎಂಬ ಶಬ್ದ ಟಿವಿಯ ಮೂಲಕ ಅಡುಗೆ ಮನೆಗೂ ಬಂತು. ಹಂತಗಳು ಏನೆಂದು ತಿಳಿಯಲು ಕೋವ್ಯಾಕ್ಸಿನ್ ಸಾಕು. ಮೊದಲ ಹಂತದಲ್ಲಿ 375 ಜನ: ಇದು ಮೈಗೆ ಒಗ್ಗುತ್ತದೆಯೇ? ಎರಡನೆಯದರಲ್ಲಿ 380: ಎಷ್ಟು ಕೊಟ್ಟರೆ ಮೈ ಸರಿಯಾಗಿ ಸ್ಪಂದಿಸುತ್ತದೆ? ಮೂರನೆಯದರಲ್ಲಿ ಸುಮಾರು 25,800: ನಿಜವಾಗಿ ಕಾಯಿಲೆ ತಡೆಯುತ್ತದೆಯೇ? ಮೊದಲಿನ ಹಂತಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಇತ್ತು. ಕೋವಿಶೀಲ್ಡ್ ಪರೀಕ್ಷೆಯಲ್ಲಿ ಮೈಸೂರಿನ ಜೆಎಸ್ಎಸ್ ಇತ್ತು. ಮೊದಲ ಹಂತಕ್ಕೆ ಸೇರುವವರಿಗೆ ಗೊತ್ತಿಲ್ಲದ್ದೇ ಹೆಚ್ಚು, ಮೂರನೆಯದಕ್ಕೆ ಸೇರುವವರಿಗೆ ಕಡಿಮೆ. ಹಾಗಾಗಿ ‘ಇದು ಎಷ್ಟನೇ ಹಂತ?’ ಎನ್ನುವುದು ಕೇಳಲೇಬೇಕಾದ ಮಾತು. ಮೂರನೆಯ ಹಂತದಲ್ಲಿ ಭೋಪಾಲದ ಅನಿಲ ದುರಂತದ ಬಡಾವಣೆಗಳ ಕೆಲವರು, ತಾವು ಲಸಿಕೆಯನ್ನೇ ಹಾಕಿಸಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದಾಗಿಯೂ 750 ರೂಪಾಯಿ ಸಿಗುತ್ತದೆಂದು ಹೋಗಿದ್ದಾಗಿಯೂ 2021ರ ಜನವರಿಯಲ್ಲಿ ಹೇಳಿದರು. ನಿಯಮ ಮೀರಿಲ್ಲ ಎಂದು ಅಲ್ಲಿ ಟ್ರಯಲ್ ನಡೆಸಿದ ಆಸ್ಪತ್ರೆ ಹೇಳಿತು. ಹಣ ಕೊಡುವುದೇ ತಪ್ಪಲ್ಲ. ಗುಡೂರಿನಿಂದ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಿ ಬಂದರೆ ಬಸ್ ಚಾರ್ಜಿನ ಜತೆ ಒಂದು ದಿನದ ನೇಯ್ಗೆಯೂ ಹೋಯಿತು, ಅದನ್ನು ತುಂಬಿಕೊಡುವುದು ನ್ಯಾಯ. ಆ ದುಡ್ಡಿಗಾಗಿಯೇ ಮೈ ಒಡ್ಡುವ ಪರಿಸ್ಥಿತಿ ಬಂದರೆ ಅಲ್ಲಿ ಒಪ್ಪಿಗೆ ಎಂಬುದು ಉಳಿಯುವುದಿಲ್ಲ.

ಈಗ ಕಾನೂನು ಏನು ಹೇಳುತ್ತದೆ ಎನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2019ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಪ್ರತಿ ಟ್ರಯಲ್‌ಗೂ ನೀತಿ ಸಮಿತಿಯ ಅನುಮತಿ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅರ್ಧದಷ್ಟು ಆ ಸಂಸ್ಥೆಯ ಹೊರಗಿನವರು. ಒಬ್ಬ ಕಾನೂನು ಬಲ್ಲವರು, ಒಬ್ಬ ಜನಸಾಮಾನ್ಯರು, ಒಬ್ಬ ಹೆಣ್ಣುಮಗಳು ಇರಲೇಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಹಾನಿಯಾದರೆ ಪರಿಹಾರ. ಪರಿಹಾರದ ಲೆಕ್ಕದ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು ಕಡಿಮೆ ಇದ್ದಷ್ಟೂ, ಮೊದಲೇ ಆರೋಗ್ಯವಾಗಿದ್ದಷ್ಟೂ ಏರುತ್ತದೆ. 2009ರ ಜೂನ್‌ನಿಂದ ಈಚೆಗೆ ಔಷಧ ಟ್ರಯಲ್‌ಗಳು ಸಿ.ಟಿ.ಆರ್.ಐ. ಎಂಬ ಸರಕಾರಿ ದಾಖಲೆಯಲ್ಲಿ ನೋಂದಣಿಯಾಗಬೇಕು. ಸಿ.ಟಿ.ಆರ್.ಐ. ಅಂತಲೇ ಶುರುವಾಗಿ, ವರ್ಷ, ತಿಂಗಳು ಇರುವ ಒಂದು ನಂಬರು ಸಿಗುತ್ತದೆ. ಮೊಬೈಲಿನಲ್ಲಿ ಅದನ್ನು ಹಾಕಿ ಯಾರು ಮಾಡುತ್ತಿದ್ದಾರೆ, ಎಲ್ಲೆಲ್ಲಿ, ಎಷ್ಟು ಜನರ ಮೇಲೆ ಎಂದು ಕಾಕಾನ ಮಗ ಐದು ನಿಮಿಷದಲ್ಲಿ ನೋಡಿದ. ಓದು ಬರದವರು ಹೆಬ್ಬಟ್ಟು ಒತ್ತುವಾಗ ಆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಫಾರಂನ ಒಂದು ಪ್ರತಿ ಮನೆಗೆ ಬರಬೇಕು. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ, ಬಿಟ್ಟು ಬರಬಹುದು. ಬಿಟ್ಟಿದ್ದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಕಾಗದದ ಮೇಲೆ ಇದು ಚೆಂದ. ನಮ್ಮ ಕಡೆ ತೊಡಕು ಬೇರೆ ಕಡೆ ಇದೆ. ‘ಸಾಹೇಬ್ರು ಹೇಳ್ಯಾರಂದ್ರ ಹೂಂ ಅನ್ನೂದ’ ಎಂಬ ಗೌರವ ನಮ್ಮ ಜನರಲ್ಲಿದೆ. ಡಾಕ್ಟರ ಎದುರು ‘ಒಲ್ಲೆರಿ’ ಎನ್ನುವುದು ಮರ್ಯಾದೆ ಬಿಟ್ಟಂತೆ ಕಾಣುತ್ತದೆ. ಬಸುರಿ ಹೆಣ್ಣುಮಗಳ ಬಳಿ ಒಪ್ಪಿಗೆ ಕೇಳಿದರೆ ಅವಳು ಅತ್ತೆಯ ಮುಖ ನೋಡುತ್ತಾಳೆ, ಅತ್ತೆ ಮಗನ ಮುಖ ನೋಡುತ್ತಾಳೆ. ಮನೆಯವರ ಜತೆ ಮಾತಾಡಿ ತೀರ್ಮಾನಿಸುವುದು ನಮ್ಮ ರೀತಿ, ಅದರಲ್ಲಿ ತಪ್ಪಿಲ್ಲ. ಆದರೆ ಸೂಜಿ ಚುಚ್ಚುವುದು ಯಾರ ತೋಳಿಗೋ ಕೊನೆಯ ಮಾತು ಅವರದ್ದಾಗಬೇಕು. ಇನ್ನು ಬೇರೆ ದಾರಿಯೇ ಇಲ್ಲವೆಂದು ಕೈಚೆಲ್ಲಿದ ಕ್ಯಾನ್ಸರ್ ರೋಗಿಗೆ ಮೊದಲ ಹಂತದ ಟ್ರಯಲ್ ಸೂಚಿಸಿದಾಗ ಅವರು ಕೇಳಿಸಿಕೊಳ್ಳುವುದು ‘ಔಷಧ’ ಎಂಬ ಒಂದೇ ಶಬ್ದವನ್ನು. ಅಲ್ಲಿ ಆಸೆ ಹುಟ್ಟಿಸುವುದಕ್ಕಿಂತ ನಿಧಾನವಾಗಿ ನಿಜ ಹೇಳುವುದು ಕಷ್ಟದ ಕೆಲಸ, ಅದಕ್ಕೆ ಸಮಯ ಬೇಕು, ಸರಕಾರಿ ಒ.ಪಿ.ಡಿ.ಯಲ್ಲಿ ಇಲ್ಲದ್ದೇ ಅದು.

ಕಾಕಾನಿಗೆ ಫಾರಂ ಪೂರ್ತಿ ಓದಿ ಹೇಳಿದೆ. ಒಂದು ತಾಸು ಹಿಡಿಯಿತು, ನಡುವೆ ಎರಡು ಸಲ ಚಹಾ. ಸಂಭವಿಸಬಹುದಾದ ಅಡ್ಡ ಪರಿಣಾಮಗಳ ಉದ್ದ ಪಟ್ಟಿಗೆ ಅವರು ಹೆದರಲಿಲ್ಲ, ಪರಿಹಾರದ ಮಾತಿಗೆ ನಕ್ಕರು. ಕೊನೆಗೆ ಅವರಾಗಿಯೇ ಕೇಳಿದ್ದು ನಾನು ಎಣಿಸದಿದ್ದ ಪ್ರಶ್ನೆಗಳು: ‘ಈಗ ತಗೊಳ್ಳು ಗುಳಿಗಿ ಬಿಡಸ್ತಾರೋ, ಅದರ ಕೂಡ ಇದನ್ನ ಕೊಡ್ತಾರೋ? ಹೊಸಾ ಗುಳಿಗಿ ನನಗ ಹಿಡೀತು ಅಂದ್ರ, ಟ್ರಯಲ್ ಮುಗದ ಮ್ಯಾಲೆ ಅದನ್ನ ಯಾರು ಕೊಡ್ತಾರ? ನಡುರಾತ್ರಿ ತಲಿ ತಿರುಗಿ ಬಿದ್ರ ಯಾರಿಗೆ ಫೋನ್ ಹಚ್ಚಬೇಕು?’ ಮೊದಲನೆಯದಕ್ಕೆ ಉತ್ತರ ಫಾರಂನಲ್ಲಿತ್ತು, ಹಳೆಯ ಗುಳಿಗೆಯ ಜತೆಗೇ ಕೊಡುವುದೆಂದು. ಮೂರನೆಯದಕ್ಕೆ ಒಂದು ನಂಬರು ಇತ್ತು. ಹಚ್ಚಿ ನೋಡಿದೆವು, ಎತ್ತಿದರು. ಎರಡನೆಯದಕ್ಕೆ ಹನ್ನೆರಡು ಪುಟದಲ್ಲೂ ಉತ್ತರ ಸಿಗಲಿಲ್ಲ.

ಕಾಕಾ ನೂಲಿನ ಲೆಕ್ಕದ ವಹಿಯಿಂದ ಒಂದು ಹಾಳೆ ಹರಿದು ಆ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರು. ಸೋಮವಾರ ಹೋಗುವಾಗ ಸೊಸೆಯನ್ನೂ ಕರೆದುಕೊಂಡು ಹೋಗುತ್ತಾರಂತೆ. ಫಾರಂ ಮಡಚಿ ಚಾಳೀಸಿನ ಡಬ್ಬಿಯ ಕೆಳಗೆ ಇಟ್ಟು, ಮತ್ತೆ ಮಗ್ಗದ ಕುಣಿಗೆ ಇಳಿದರು.